ಪುಟ್ಟನೊಡನೆ ಪರದೇಶ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳಿಂದಲೂ ಒಂದೆರಡು ಲೇಖನಗಳು ಬೇಕೆಂದು ಮೇಷ್ಟ್ರು ಹೇಳಿಕಳುಹಿಸಿದಾಗ ನಾನು ಕೂಡಲೇ ಒಪ್ಪಿಕೊಳ್ಳಲಿಲ್ಲ. ಬಿ.ಎ. ಮುಗಿಸಿ ಹೊರಗೆ ಬಂದ ಮೇಲೆ ಸಂಬಳದ ಪಟ್ಟಿ, ತೆರಿಗೆಯ ಲೆಕ್ಕ ಇವುಗಳನ್ನು ಬಿಟ್ಟು ನಾನು ಬೇರೇನನ್ನೂ ಬರೆದವನಲ್ಲ. ‘ಸಿಂಗಪುರಕ್ಕೆ ಹೋಗಿಬಂದೆಯಂತಲ್ಲಯ್ಯಾ, ಅದನ್ನೇ ಬರೆ. ನಮ್ಮ ಹುಡುಗರು ಓದಲಿ’ ಎಂದರು. ಗುರುಗಳ ಮಾತನ್ನು ಮೀರುವಂತಿಲ್ಲ. ಆದರೆ ವಾಚಕರಿಗೆ ಮೊದಲೇ ಒಂದು ಮಾತು ಹೇಳಿಬಿಡುವುದು ಕ್ಷೇಮ. ಸಿಂಗಪುರದ ಗಗನಚುಂಬಿಗಳ ವರ್ಣನೆಯನ್ನು ಬಯಸುವವರಿಗೆ ಈ ಲೇಖನದಿಂದ ನಿರಾಶೆಯಾದೀತು. ಒಂದು ವರ್ಷ ಒಂಬತ್ತು ತಿಂಗಳ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದವನಿಗೆ ಗಗನದ ಕಡೆ ನೋಡಲು ಪುರಸೊತ್ತೆಲ್ಲಿ?

ನಮ್ಮ ಮನೆ ಇರುವುದು ದಾಸರಹಳ್ಳಿಯಲ್ಲಿ. ೧೯೭೦ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ತಲೆಯೆತ್ತಿದ ಮೇಲೆ ಕೆಲಸ ಹುಡುಕಿಕೊಂಡು ಈ ಕಡೆಗೆ ಬಂದವರಲ್ಲಿ ನಮ್ಮ ತಂದೆಯೂ ಒಬ್ಬರು. ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿದು, ಸಾಲ ಮಾಡಿ, ಈ ಮನೆಯನ್ನು ಕಟ್ಟಿಸಿದರು. ಕಾರ್ಖಾನೆಗೆ ಸೈಕಲ್ಲಿನಲ್ಲಿ ಹತ್ತೇ ನಿಮಿಷ. ಮಧ್ಯಾಹ್ನದ ಊಟಕ್ಕೆ ಮನೆಗೇ ಬರುತ್ತಿದ್ದರು. ಬಂದವರು ಎಣ್ಣೆಯ ಕೈ ತೊಳೆದು ನನ್ನನ್ನು ಒಮ್ಮೆ ಎತ್ತಿ ಆಡಿಸಿ ಹೋಗುತ್ತಿದ್ದರಂತೆ.

ನಮ್ಮ ಕಾಲ ಹಾಗಲ್ಲ. ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಲೆಕ್ಕಪತ್ರ ನೋಡುವವನು. ನನ್ನಾಕೆ ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವಳು. ಬೆಂಗಳೂರಿನ ನಕ್ಷೆಯನ್ನು ತೆಗೆದು ನೋಡಿದರೆ ಮನೆ ವಾಯುವ್ಯದಲ್ಲಿ, ನನ್ನ ಅನ್ನ ದಕ್ಷಿಣದ ಅಂಚಿನಲ್ಲಿ, ಆಕೆಯ ಅನ್ನ ಪೂರ್ವದ ಅಂಚಿನಲ್ಲಿ. ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಹಳ್ಳಿಗಳಲ್ಲಿ. ನನ್ನಾಕೆ ಮೆಟ್ರೊ ಇಳಿಯುವ ನಿಲ್ದಾಣ ಪಟ್ಟಂದೂರು ಅಗ್ರಹಾರ. ಹೀಗೆ ಹೆಸರಿಗೆ ನಾವಿಬ್ಬರೂ ಅಗ್ರಹಾರದವರೇ. ಆದರೆ ಅಗ್ರಹಾರದ ನೆಮ್ಮದಿ ಮಾತ್ರ ನಮಗೆ ದೊರೆತಿಲ್ಲ. ೨೦೨೫ರ ಆಗಸ್ಟ್ ೧೦ರಂದು ಮೆಟ್ರೊದ ಹಳದಿ ಮಾರ್ಗ ಆರಂಭವಾದ ಮೇಲೆ ನಾನೂ ಕಂಪನಿಯ ಬಸ್ಸನ್ನು ಬಿಟ್ಟೆ. ಬೆಳಗ್ಗೆ ಏಳೂಕಾಲಕ್ಕೆ ದಾಸರಹಳ್ಳಿಯಲ್ಲಿ ಇಬ್ಬರೂ ಒಂದೇ ಗಾಡಿ ಹತ್ತುತ್ತೇವೆ. ಮೆಜೆಸ್ಟಿಕ್ಕಿನಲ್ಲಿ ಆಕೆ ಇಳಿದು ನೇರಳೆ ಮಾರ್ಗಕ್ಕೆ ಹೋಗುತ್ತಾಳೆ. ನಾನು ಹಾಗೆಯೇ ಮುಂದೆ ಹೋಗಿ ಆರ್.ವಿ. ರಸ್ತೆಯಲ್ಲಿ ಬದಲಾಯಿಸುತ್ತೇನೆ. ಅರ್ಧ ಗಂಟೆಯ ಆ ಪ್ರಯಾಣವೇ ನಮ್ಮ ದಾಂಪತ್ಯದ ಮಾತುಕತೆಯ ವೇಳೆ. ರಾತ್ರಿ ಮನೆ ಸೇರುವಾಗ ಎಂಟೂವರೆ, ಒಂಬತ್ತು. ಮಗು ಮಲಗಿರುತ್ತದೆ.

ಶನಿವಾರ ಭಾನುವಾರ ಇಲ್ಲವೆ ಎಂದು ಕೇಳಬಹುದು. ಇದೆ. ಆ ದಿನಗಳಲ್ಲಿ ಬಟ್ಟೆ, ದಿನಸಿ, ಬ್ಯಾಂಕು, ಮದುವೆ, ಮುಂಜಿ. ಉಳಿದ ವೇಳೆಯಲ್ಲಿ ನಿದ್ದೆ. ಮಗುವನ್ನು ಸಾಕುತ್ತಿದ್ದವರು ನಮ್ಮ ತಾಯಿ. ನಾನು ಅವರನ್ನು ‘ಅಮ್ಮ’ ಎಂದು ಕರೆಯುವುದನ್ನು ಕೇಳಿ ಪುಟ್ಟನೂ ಅವರನ್ನು ‘ಅಮ್ಮ’ ಎಂದೇ ಕರೆದ. ಹೆತ್ತ ತಾಯಿಯನ್ನು, ಅಜ್ಜಿ ಕರೆಯುವ ಹಾಗೆ, ಹೆಸರು ಹಿಡಿದು ಕರೆದ. ನನ್ನನ್ನು ಕಂಡಾಗ ಅವನು ಹೇಳುತ್ತಿದ್ದ ಮಾತು ‘ಟಾಟಾ.’ ಮೊದಮೊದಲು ಬೀಳ್ಕೊಡುವ ಮಾತು ಎಂದುಕೊಂಡಿದ್ದೆ. ಒಂದು ಭಾನುವಾರ ಸ್ನಾನ ಮಾಡಿ ಬಂದವನನ್ನು ನೋಡಿ, ಅಜ್ಜಿಯ ಸೆರಗು ಎಳೆದು, ನನ್ನ ಕಡೆಗೆ ಬೆರಳು ತೋರಿಸಿ, ‘ಟಾಟಾ ಬಂತು’ ಎಂದ. ಆಗ ತಿಳಿಯಿತು, ಅದು ನನ್ನ ಹೆಸರು. ಹೋಗುವುದನ್ನು ಮಾತ್ರ ಕಂಡವನು ಬೇರೆ ಯಾವ ಹೆಸರಿಟ್ಟಾನು?

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮಾರನೆಯ ದಿನ ಮೆಟ್ರೊದಲ್ಲಿ ಯಶವಂತಪುರ ದಾಟಿದರೂ ನನ್ನಾಕೆ ಮಾತಾಡಲಿಲ್ಲ. ರಾಜಾಜಿನಗರ ಬಂದಾಗ, ‘ರೀ, ಎಲ್ಲಾದರೂ ಹೋಗಿಬರೋಣ. ಮೂರೇ ಜನ. ಆಫೀಸಿನ ಫೋನು ಬಾರದ ಕಡೆಗೆ’ ಎಂದಳು. ಊರಿನಲ್ಲಿದ್ದುಕೊಂಡು ತೆಗೆದ ರಜೆ ರಜೆಯಲ್ಲವೆಂಬುದು ಇಬ್ಬರಿಗೂ ಗೊತ್ತಿದ್ದ ಸಂಗತಿ.

ಸಿಂಗಪುರವೇ ಏಕೆಂದರೆ, ಅದಕ್ಕೂ ವೈಟ್‌ಫೀಲ್ಡೇ ಕಾರಣ. ಆಕೆ ಕೆಲಸ ಮಾಡುವ ಅಂತರರಾಷ್ಟ್ರೀಯ ತಂತ್ರಜ್ಞಾನ ಉದ್ಯಾನ, ಅಂದರೆ ಜನ ಐಟಿಪಿಎಲ್ ಎಂದು ಕರೆಯುವ ಜಾಗ, ೧೯೯೪ರಲ್ಲಿ ಭಾರತ ಮತ್ತು ಸಿಂಗಪುರಗಳು ಕೂಡಿ ಕೈಗೊಂಡ ಯೋಜನೆಯ ಫಲ. ೧೯೯೯ರಿಂದ ೨೦೦೪ರವರೆಗೆ ಮುಖ್ಯಮಂತ್ರಿಗಳಾಗಿದ್ದ ಎಸ್.ಎಂ. ಕೃಷ್ಣ ಅವರು ಬೆಂಗಳೂರನ್ನು ಸಿಂಗಪುರ ಮಾಡಬೇಕೆಂದು ಕನಸು ಕಂಡಿದ್ದನ್ನು ಕೇಳಿಕೊಂಡು ಬೆಳೆದವರು ನಾವು. ಬೆಂಗಳೂರು ಯಾವುದರಂತೆ ಆಗಬೇಕಾಗಿತ್ತೋ ಅದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ. ದೂರವೂ ಹೆಚ್ಚಲ್ಲ, ವಿಮಾನದಲ್ಲಿ ನಾಲ್ಕೂವರೆ ಗಂಟೆ. ಇನ್ನೊಂದು ಲೆಕ್ಕವೂ ಇತ್ತು. ಎರಡು ವರ್ಷ ತುಂಬದ ಮಗುವಿಗೆ ವಿಮಾನದಲ್ಲಿ ಬೇರೆ ಆಸನವಿಲ್ಲ, ತಾಯಿಯ ತೊಡೆಯೇ ಆಸನ. ಸಾಮಾನ್ಯವಾಗಿ ದೊಡ್ಡವರ ದರದ ಹತ್ತರಲ್ಲಿ ಒಂದು ಪಾಲಿನಷ್ಟು ಕೊಟ್ಟರೆ ಸಾಕು. ಎರಡು ತುಂಬಿತೋ, ಅವನಿಗೂ ಸ್ವಂತ ಆಸನ ಕೊಳ್ಳಬೇಕು. ಲೆಕ್ಕಪತ್ರದವನಿಗೆ ಇದಕ್ಕಿಂತ ಬಲವಾದ ಕಾರಣ ಬೇಕೆ? ೨೦೨೫ರ ಅಕ್ಟೋಬರಿನಲ್ಲಿ, ದಸರಾ ಮುಗಿದ ಮೇಲೆ, ಐದು ದಿನದ ಪ್ರವಾಸವೆಂದು ಗೊತ್ತಾಯಿತು.

ಮಗುವಿಗೂ ಪಾಸ್‌ಪೋರ್ಟು ಬೇಕು. ಹಿಂದೆ ತಂದೆತಾಯಿಯರ ಪಾಸ್‌ಪೋರ್ಟಿನಲ್ಲೇ ಮಕ್ಕಳ ಹೆಸರನ್ನು ಸೇರಿಸುವ ಪದ್ಧತಿಯಿತ್ತು; ಈಗ ಹಸುಗೂಸಿಗೂ ಬೇರೆ ಪುಸ್ತಕ, ಅದಕ್ಕೆ ಐದು ವರ್ಷದ ಆಯುಷ್ಯ. ತಂದೆತಾಯಿ ಇಬ್ಬರೂ ಒಪ್ಪಿ ಬರೆದುಕೊಡಬೇಕು. ನಾಲ್ಕು ವರ್ಷದೊಳಗಿನ ಮಕ್ಕಳ ಭಾವಚಿತ್ರವನ್ನು ನಾವೇ ತೆಗೆಸಿಕೊಂಡು ಹೋಗಬೇಕು. ಹಿಂದೆ ಬಿಳಿಯ ಹಿನ್ನೆಲೆ, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು. ಅಧಿಕಾರಿಗಳಿಗೆ ನಮ್ಮ ಪುಟ್ಟನ ಪರಿಚಯವಿದ್ದಿದ್ದರೆ ಈ ಕೊನೆಯ ನಿಯಮವನ್ನು ಮಾಡುತ್ತಿರಲಿಲ್ಲ. ದಾಸರಹಳ್ಳಿಯ ಸ್ಟುಡಿಯೋದಲ್ಲಿ ನಾನು ಎತ್ತಿಕೊಂಡರೆ ಅತ್ತ. ನನ್ನಾಕೆ ಎತ್ತಿಕೊಂಡರೆ ಬಾಗಿಲ ಕಡೆಗೆ ನೋಡಿದ. ಕೊನೆಗೆ ಸ್ಟುಡಿಯೋದವನೇ ಉಪಾಯ ಹೇಳಿದ. ಅಮ್ಮ ಕುರ್ಚಿಯ ಮೇಲೆ ಕುಳಿತು ತಲೆಯಿಂದ ಕಾಲಿನವರೆಗೆ ಬಿಳಿಯ ಪಂಚೆ ಹೊದ್ದುಕೊಂಡರು. ಅವರ ತೊಡೆಯ ಮೇಲೆ ಮಗುವನ್ನು ಕೂರಿಸಿದೆವು. ಪಂಚೆಯೊಳಗಿಂದ ಅಜ್ಜಿಯ ದನಿ ಕೇಳಿತು. ಮಗು ಶಾಂತವಾಗಿ ಎದುರಿಗೆ ನೋಡಿತು. ಆ ಪಾಸ್‌ಪೋರ್ಟನ್ನು ಈಗ ತೆರೆದು ನೋಡಿದರೆ ಹಿಂದೆ ಬರಿಯ ಬಿಳುಪು. ಅಲ್ಲಿ ಅಮ್ಮ ಕುಳಿತಿರುವುದು ನಮಗೆ ಮಾತ್ರ ಗೊತ್ತು.

ಅಮ್ಮನನ್ನೂ ಕರೆದೆವು. ‘ಮಂಡಿನೋವು ಕಣಪ್ಪ, ಅಷ್ಟು ಹೊತ್ತು ಕಾಲು ಮಡಿಸಿಕೊಂಡು ಕೂರಲಾರೆ’ ಎಂದರು. ಅಷ್ಟು ಹೇಳಿ ಟ್ರಂಕಿನಿಂದ ತಂದೆಯವರ ಹಳೆಯ ಪಾಸ್‌ಪೋರ್ಟನ್ನು ತೆಗೆದು ತೋರಿಸಿದರು. ೧೯೮೮ರಲ್ಲಿ ಮಸ್ಕತ್ತಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಗುವಂತಿತ್ತಂತೆ, ಅದಕ್ಕಾಗಿ ಮಾಡಿಸಿದ್ದು. ನಾನು ಆಗ ಹನ್ನೊಂದು ತಿಂಗಳ ಕೂಸು. ‘ಎರಡು ವರ್ಷ ಬಿಟ್ಟು ಬಂದಾಗ ಮಗ ನನ್ನನ್ನು ನೋಡಿ, ಯಾರು ನೀನು ಅಂತ ಕೇಳಿದರೆ ಏನು ಮಾಡಲಿ’ ಎಂದು ಹೋಗದೆ ಉಳಿದರಂತೆ. ಪಾಸ್‌ಪೋರ್ಟಿನ ಹಾಳೆಗಳೆಲ್ಲ ಖಾಲಿ. ನಾನು ಅದನ್ನು ಸುಮ್ಮನೆ ಮುಚ್ಚಿ ಟ್ರಂಕಿನಲ್ಲಿಟ್ಟೆ. ತಂದೆ ಸಮುದ್ರ ದಾಟಲಿಲ್ಲ. ನಾನು ದಾಸರಹಳ್ಳಿಯನ್ನು ಬಿಟ್ಟೂ ಹೋಗಿಲ್ಲ. ಆದರೂ ನನ್ನ ಮಗ ನನ್ನನ್ನು ಟಾಟಾ ಎನ್ನುತ್ತಾನೆ.

ಹೊರಡುವ ದಿನ ಅಮ್ಮ ಕಟ್ಟಿಕೊಟ್ಟ ಗಂಟನ್ನು ನೋಡಿದರೆ ನಾವು ಐದು ದಿನಕ್ಕಲ್ಲ, ಐದು ತಿಂಗಳಿಗೆ ಹೊರಟಂತಿತ್ತು. ರಾಗಿ ಸರಿಯ ಹಿಟ್ಟು, ಹುರಿದ ಅಕ್ಕಿ ಹೆಸರುಬೇಳೆಯ ಪುಡಿ, ಓಮದ ನೀರು, ಪಾಯಸಕ್ಕೆಂದು ಒಂದು ಪೊಟ್ಟಣ ಗಸಗಸೆ. ಈ ಕೊನೆಯದನ್ನು ನನ್ನಾಕೆ ಹೌಹಾರಿ ಹೊರಗೆ ತೆಗೆದಳು. ಸಿಂಗಪುರಕ್ಕೆ ಗಸಗಸೆ ಒಯ್ಯಬೇಕಾದರೆ ಅಲ್ಲಿನ ಮಾದಕ ವಸ್ತು ನಿಗ್ರಹ ಇಲಾಖೆಯ ಅಪ್ಪಣೆ ಬೇಕು! ‘ಗಸಗಸೆಗೂ ಪೊಲೀಸರೇ?’ ಎಂದು ಅಮ್ಮ ಬೆರಗಾದರು. ಗಂಟಿನ ಜೊತೆಗೆ ನೋಟ್‌ಪುಸ್ತಕದ ಒಂದು ಹಾಳೆಯೂ ಇತ್ತು. ಅದರಲ್ಲಿ ಅಮ್ಮನ ಗುಂಡಗಿನ ಅಕ್ಷರಗಳಲ್ಲಿ ಮಗುವಿನ ದಿನಚರಿ: ಹಾಲು ಉಗುರುಬೆಚ್ಚಗಿರಲಿ; ಮೊಸರನ್ನಕ್ಕೆ ಉಪ್ಪು ಕಡಿಮೆ; ಮಿಕ್ಸಿಯ ಶಬ್ದಕ್ಕೆ ಹೆದರುತ್ತಾನೆ; ಮಲಗುವಾಗ ಬಲಗಿವಿ ಸವರಬೇಕು. ಓದುತ್ತ ಹೋದಂತೆ ನನಗೆ ನಾಚಿಕೆಯಾಯಿತು. ಹಾಳೆಯಲ್ಲಿದ್ದ ಹನ್ನೆರಡು ವಿಷಯಗಳಲ್ಲಿ ನಮಗೆ ತಿಳಿದಿದ್ದವು ನಾಲ್ಕೋ ಐದೋ.

ದೇವನಹಳ್ಳಿಯ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ಲು ೨೦೨೨ರ ನವೆಂಬರ್ ೧೧ರಂದು ಉದ್ಘಾಟನೆಯಾದದ್ದು. ಪರದೇಶದ ವಿಮಾನಗಳು ಅಲ್ಲಿಂದ ಹೊರಡಲು ತೊಡಗಿದ್ದು ೨೦೨೩ರ ಸೆಪ್ಟೆಂಬರಿನಿಂದ. ಎಲ್ಲೆಲ್ಲೂ ಬಿದಿರು, ಮೇಲಿನಿಂದ ತೂಗುವ ಗಿಡಗಳು. ಪುಟ್ಟ ಅದನ್ನೆಲ್ಲ ಬಿಟ್ಟು ಸಾಮಾನು ಸಾಗಿಸುವ ಪಟ್ಟಿಯನ್ನು ನೋಡುತ್ತ ನಿಂತ. ತಪಾಸಣೆಯಲ್ಲಿ ನೂರು ಮಿಲಿಲೀಟರಿಗಿಂತ ಹೆಚ್ಚು ದ್ರವವನ್ನು ಬಿಡುವುದಿಲ್ಲವಾದರೂ ಮಗುವಿನ ಹಾಲು, ಆಹಾರಗಳಿಗೆ ವಿನಾಯಿತಿ ಉಂಟು. ಮುಂದೆ ಹೋಗುವವರು ಇದನ್ನು ನೆನಪಿಡಬಹುದು. ಇನ್ನೊಂದನ್ನೂ ನೆನಪಿಡಬಹುದು. ವಿಮಾನದೊಳಗಿನ ಗಾಳಿಯ ಒತ್ತಡವು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡದಷ್ಟಿರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರವೇ ೬,೩೦೦ ಅಡಿಗಿಂತ ತುಸು ಹೆಚ್ಚು. ಹತ್ತುವಾಗಿಗಿಂತ ಇಳಿಯುವಾಗ ಮಕ್ಕಳಿಗೆ ಕಷ್ಟ. ಹೊರಗಿನ ಒತ್ತಡ ಏರುತ್ತದೆ; ಗಂಟಲಿನಿಂದ ಕಿವಿಗೆ ಹೋಗುವ ನಾಳ ಎಳೆಯರಲ್ಲಿ ಕಿರಿದಾದ್ದರಿಂದ ಒಳಗಿನ ಒತ್ತಡ ಬೇಗನೆ ಸರಿದೂಗುವುದಿಲ್ಲ. ಏನನ್ನಾದರೂ ನುಂಗುತ್ತಿದ್ದರೆ ಆ ನಾಳ ತೆರೆಯುತ್ತದೆ. ಇದನ್ನು ನಾವು ಮೊದಲೇ ಓದಿಕೊಂಡಿದ್ದೆವು. ಆದರೆ ಹಾಲಿನ ಬಾಟಲಿಯನ್ನು ಮೇಲಿನ ಅರೆಯಲ್ಲಿದ್ದ ಚೀಲದಲ್ಲಿ ಬಿಟ್ಟಿದ್ದೆವು. ಸೊಂಟದ ಪಟ್ಟಿ ಬಿಗಿದ ಮೇಲೆ ಏಳುವಂತಿಲ್ಲ. ಪುಟ್ಟನ ಅಳು ಇಡೀ ವಿಮಾನಕ್ಕೆ ಬೆಳಗಿನ ಸುಪ್ರಭಾತವಾಯಿತು. ಹಿಂದಿನ ಸಾಲಿನ ವೃದ್ಧೆಯೊಬ್ಬರು ನೀರಿನ ಬಾಟಲಿಯನ್ನು ಕೊಟ್ಟರು. ಗುಟುಕು ಗುಟುಕಾಗಿ ಕುಡಿದು ಸುಮ್ಮನಾದ.

ಬೆಳಗಿನ ಆರು ಗಂಟೆಗೆ, ನಮ್ಮ ಲೆಕ್ಕದಲ್ಲಿ ಮೂರೂವರೆಗೆ, ಚಾಂಗಿ ನಿಲ್ದಾಣದಲ್ಲಿ ಇಳಿದೆವು. ತಂದೆಯವರ ಖಾಲಿ ಹಾಳೆಗಳ ನೆನಪಿನಿಂದಲೋ ಏನೋ, ನನ್ನ ಪಾಸ್‌ಪೋರ್ಟಿನ ಮೇಲೆ ಪರದೇಶದ ಮುದ್ರೆ ಬೀಳುವುದನ್ನು ನೋಡಬೇಕೆಂದು ಕಾದಿದ್ದೆ. ಆದರೆ ಸಿಂಗಪುರದವರು ೨೦೨೦ರ ಡಿಸೆಂಬರಿನಿಂದ ಮುದ್ರೆ ಒತ್ತುವುದನ್ನೇ ನಿಲ್ಲಿಸಿದ್ದಾರೆ. ಬದಲಿಗೆ ಇ-ಮೇಲು ಬರುತ್ತದೆ. ನನ್ನ ಪುಸ್ತಕದಲ್ಲಿ ಬೆಂಗಳೂರಿನವರು ಒತ್ತಿದ ಮುದ್ರೆಯೊಂದೇ ಉಳಿಯಿತು.

ನಾವು ಇಳಿದುಕೊಂಡದ್ದು ಲಿಟ್ಲ್ ಇಂಡಿಯಾ ಎಂಬ ಭಾಗದಲ್ಲಿ, ಸೆರಂಗೂನ್ ರಸ್ತೆಯ ಹತ್ತಿರ. ಹೂವಿನ ಮಾಲೆ, ಇಡ್ಲಿ ಹೋಟೆಲು, ವೀರಮಾಕಾಳಿಯಮ್ಮನ ಗುಡಿಯ ಗಂಟೆ. ಪರದೇಶವೆಂದು ನಂಬುವುದೇ ಕಷ್ಟ. ಸಿಂಗಪುರಕ್ಕೆ ನಾಲ್ಕು ಅಧಿಕೃತ ಭಾಷೆಗಳು: ಮಲಯ, ಚೀನಿ, ತಮಿಳು, ಇಂಗ್ಲಿಷು. ಯಾರು ಯಾವ ಭಾಷೆಯವರಾದರೂ ಅಲ್ಲಿ ದಾರಿ ತಪ್ಪುವಂತಿಲ್ಲ. ಆದರೆ ಅದೇ ದಿನ ಮಧ್ಯಾಹ್ನ ನಮಗೆ ಅರ್ಥವಾಗದ ಐದನೆಯ ಭಾಷೆಯೊಂದು ಎದುರಾಯಿತು.

ಪುಟ್ಟ ‘ಕೂ, ಕೂ’ ಎನ್ನತೊಡಗಿದ. ರೈಲು ಎಂದುಕೊಂಡೆವು, ಅಲ್ಲದೆ ಮತ್ತೇನು? ಅಲ್ಲಿನ ಈಶಾನ್ಯ ಮಾರ್ಗದ ಮೆಟ್ರೊ ಗಾಡಿಗಳಿಗೆ ಚಾಲಕರಿಲ್ಲ, ಮುಂದಿನ ಗಾಜಿನಲ್ಲಿ ನಿಂತು ಸುರಂಗವನ್ನೇ ನೋಡಬಹುದು. ಸಂಭ್ರಮದಿಂದ ಕರೆದುಕೊಂಡು ಹೋದೆವು. ಗಾಜಿನ ಮುಂದೆ ನಿಲ್ಲಿಸಿದರೆ ಅವನು ತಿರುಗಿ ನಮ್ಮ ಮುಖ ನೋಡಿ ‘ಕೂ’ ಎಂದ. ಕೊನೆಯ ನಿಲ್ದಾಣದವರೆಗೆ ಹೋಗಿ ಹಿಂದಿರುಗಿದೆವು. ‘ಕೂ!’ ಎಂದು ಚೀರಿದ. ಇನ್ನೊಂದು ಸುತ್ತು ಬೇಕೇನೋ ಎಂದು ಮತ್ತೆ ಹತ್ತಿಸಿದೆವು. ಆ ಸುತ್ತಿನಲ್ಲಿ ಅವನು ನೆಲದ ಮೇಲೆ ಬಿದ್ದು ಹೊರಳಿ ಅತ್ತ. ಎದುರು ಕುಳಿತಿದ್ದ ಚೀಣೀ ಮುದುಕರೊಬ್ಬರು ಚೀಲದಿಂದ ಬಿಸ್ಕತ್ತು ತೆಗೆದು ಕೊಡಲೇ ಎಂದು ಸನ್ನೆಯಲ್ಲಿ ಕೇಳಿದರು. ನಾವು ಮರ್ಯಾದೆಗೆ ಬೇಡವೆಂದೆವು.

ಕೋಣೆಗೆ ಬಂದು ಅಮ್ಮನಿಗೆ ಫೋನು ಮಾಡಿದೆ. ಹಿಂದೆ ‘ಕೂ’ ಎಂಬ ಕೂಗು ಕೇಳುತ್ತಲೇ ಅವರು, ‘ಅಯ್ಯೋ, ಮಗುವಿಗೆ ಹಸಿವಾಗಿದೆ ಕಣೋ! ಕೂ ಅಂದರೆ ಕುಕ್ಕರು. ಕುಕ್ಕರ್ ಕೂಗಿದರೆ ತಾನೇ ಅವನಿಗೆ ಊಟ? ಇದೂ ಗೊತ್ತಿಲ್ಲವೇ?’ ಎಂದರು. ಗೊತ್ತಿರಲಿಲ್ಲ. ಕುಕ್ಕರ್ ಕೂಗುವ ಹೊತ್ತಿಗೆ ನಾನು ಕೋನಪ್ಪನ ಅಗ್ರಹಾರದಲ್ಲಿ, ಆಕೆ ಪಟ್ಟಂದೂರು ಅಗ್ರಹಾರದಲ್ಲಿ. ಹಸಿದ ಮಗುವನ್ನು ಎರಡು ಬಾರಿ ರೈಲು ಹತ್ತಿಸಿ ಇಳಿಸಿದ ನಮಗಿಂತ, ಭಾಷೆ ಬಾರದ ಆ ಮುದುಕರೇ ಅವನ ಮಾತನ್ನು ಚೆನ್ನಾಗಿ ಅರಿತಿದ್ದರು. ರಾಗಿ ಸರಿಯನ್ನು ಕಲಸಿಕೊಟ್ಟಾಗ ಅವನು ತಲೆಯೆತ್ತದೆ ತಿಂದ. ನನ್ನಾಕೆ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ‘ಅಮ್ಮಾ’ ಎಂದು ಅಳುತ್ತಿದ್ದ. ಆಕೆ ‘ಬಂದೆ ಕಂದಾ’ ಎಂದು ಎತ್ತಿಕೊಂಡಳು. ಅವನು ಅವಳ ಮುಖವನ್ನು ಕೈಯಿಂದ ತಳ್ಳಿ, ಬಾಗಿಲಿನ ಕಡೆ ನೋಡಿ, ಮತ್ತೆ ‘ಅಮ್ಮಾ’ ಎಂದ. ಬಲಗಿವಿ ಸವರಿದೆವು, ಆಗಲಿಲ್ಲ. ಹಾಲು ಕೊಟ್ಟೆವು, ಚೆಲ್ಲಿದ. ಪಕ್ಕದ ಕೋಣೆಯವರು ಗೋಡೆ ತಟ್ಟಿದರು. ಬೆಂಗಳೂರಿನಲ್ಲಿ ಆಗ ಹನ್ನೊಂದೂವರೆ. ನಾನು ಫೋನು ಕೈಗೆತ್ತಿಕೊಂಡೆ.

‘ಬೇಡ ರೀ. ಅತ್ತೆಯನ್ನು ಕೇಳುವುದು ಬೇಡ. ನಮಗೇ ತಿಳಿಯಲಿ’ ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ.

ಮಗುವನ್ನು ಹೆಗಲಿಗೆ ಹಾಕಿಕೊಂಡು ಕೆಳಗಿಳಿದು ಬೀದಿಗೆ ಬಂದೆವು. ಅಂಗಡಿಗಳೆಲ್ಲ ಮುಚ್ಚಿದ್ದವು. ದೀಪಗಳು ಉರಿಯುತ್ತಿದ್ದವು. ಅರ್ಧ ಗಂಟೆ ನಾನು ಹೊತ್ತು ತಿರುಗಿದೆ. ಆಮೇಲೆ ಆಕೆ ತೆಗೆದುಕೊಂಡಳು. ಜೋಗುಳ ಹಾಡೋಣವೆಂದರೆ ಅವಳಿಗೆ ಒಂದೂ ಪೂರ್ತಿ ಬಾರದು. ಒಂದೆರಡು ಸಾಲಿಗೆ ತಡವರಿಸಿ ನಿಲ್ಲಿಸಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಯಿಗೆ ಬಂದದ್ದನ್ನು ಮೆಲ್ಲಗೆ ರಾಗವಾಗಿ ಹೇಳತೊಡಗಿದಳು: ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ ಇಂಡಸ್ಟ್ರಿ, ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ. ದಿನಕ್ಕೆ ಎರಡು ಸಲ ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿದ್ದುದು ಅದೊಂದೇ. ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಮಹಾಲಕ್ಷ್ಮಿ, ರಾಜಾಜಿನಗರ, ಕುವೆಂಪು ರಸ್ತೆ, ಶ್ರೀರಾಂಪುರ, ಸಂಪಿಗೆ ರಸ್ತೆ, ಮೆಜೆಸ್ಟಿಕ್ಕು. ಮೆಜೆಸ್ಟಿಕ್ಕು ಮುಟ್ಟಿದ ಮೇಲೆ ಮತ್ತೆ ದಾಸರಹಳ್ಳಿಯಿಂದ. ಮಗು ಅಳು ನಿಲ್ಲಿಸಿ ಅವಳ ತುಟಿಗಳನ್ನೇ ನೋಡಿತು. ಮೂರನೆಯ ಸುತ್ತಿನಲ್ಲಿ ಸೋಪ್ ಫ್ಯಾಕ್ಟರಿಯ ಹತ್ತಿರ ಅವಳ ಹೆಗಲ ಮೇಲೆ ತಲೆಯಿಟ್ಟಿತು. ಮಲಗಿದೆಯೆಂದು ಗೊತ್ತಾದ ಮೇಲೂ ಅವಳು ಮೆಜೆಸ್ಟಿಕ್ಕಿನವರೆಗೆ ಹೇಳಿಯೇ ನಿಲ್ಲಿಸಿದಳು. ಬೀದಿ ಗುಡಿಸುತ್ತಿದ್ದ ಕಾರ್ಮಿಕರೊಬ್ಬರು ಪೊರಕೆಯನ್ನು ಎತ್ತಿ ಹಿಡಿದು, ನಾವು ದಾಟಿ ಹೋಗುವ ತನಕ ಸದ್ದಾಗದಂತೆ ನಿಂತಿದ್ದರು.

ಆಮೇಲಿನ ದಿನಗಳು ಸರಾಗವಾಗಿ ಕಳೆದವು ಎಂದರೆ ಸುಳ್ಳಾಗುತ್ತದೆ. ಆದರೆ ನಾವು ಪಟ್ಟಿ ಮಾಡಿಕೊಂಡಿದ್ದ ಸ್ಥಳಗಳಲ್ಲಿ ಅರ್ಧವನ್ನು ಹೊಡೆದುಹಾಕಿದೆವು. ದಿನಕ್ಕೆ ಒಂದೇ ಜಾಗ, ಅದೂ ಅವನ ನಿದ್ದೆಗೆ ಮೊದಲು. ೧೮೫೯ರಲ್ಲಿ ಸ್ಥಾಪನೆಯಾಗಿ ೨೦೧೫ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸಸ್ಯೋದ್ಯಾನಕ್ಕೆ ಹೋದೆವು. ನಾನು ಆರ್ಕಿಡ್ ಹೂಗಳನ್ನು ನೋಡಬೇಕೆಂದಿದ್ದೆ. ಪುಟ್ಟ ದಾರಿಯ ಬದಿಯಲ್ಲಿ ಇರುವೆಗಳ ಸಾಲನ್ನು ಕಂಡು ಕುಕ್ಕರುಗಾಲಿನಲ್ಲಿ ಕುಳಿತ. ನಾನೂ ಕುಳಿತೆ. ಮುಕ್ಕಾಲು ಗಂಟೆ ಇರುವೆ ನೋಡಿದೆವು. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಇರುವೆಯನ್ನು ನೋಡಿರಲಿಲ್ಲ. ಅವನನ್ನೂ ಅಷ್ಟು ಹೊತ್ತು ನೋಡಿರಲಿಲ್ಲ. ಅವನ ಎಡಗಿವಿಯ ಹಿಂದೆ ಒಂದು ಮಚ್ಚೆಯಿದೆ. ಅದು ಥೇಟು ನಮ್ಮ ತಂದೆಯವರಿಗಿದ್ದಂಥದು.

ಬೆಂಗಳೂರು ಸಿಂಗಪುರವಾಗಬಲ್ಲುದೆ ಎಂದು ಮೇಷ್ಟ್ರು ಕೇಳಿಯೇ ಕೇಳುತ್ತಾರೆ. ಸಿಂಗಪುರದ ವಿಸ್ತೀರ್ಣ ೭೩೦ ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ೨೦೨೫ರವರೆಗೆ ಇದ್ದ ನಮ್ಮ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯದೂ ೭೦೦ ಚದರ ಕಿಲೋಮೀಟರು ದಾಟಿತ್ತು. ಅಳತೆ ಒಂದೇ. ನನಗೆ ಮನಸ್ಸಿಗೆ ಹಿಡಿಸಿದ್ದು ಅಲ್ಲಿನ ಎತ್ತರದ ಕಟ್ಟಡಗಳಲ್ಲ. ಸರಕಾರ ಕಟ್ಟಿಸಿದ ವಸತಿಗೃಹಗಳ ನೆಲ ಅಂತಸ್ತು. ಅದನ್ನು ಗೋಡೆಗಳಿಲ್ಲದೆ ತೆರೆದು ಬಿಟ್ಟಿರುತ್ತಾರೆ. ಸಂಜೆ ಅಲ್ಲಿ ಮುದುಕರು ಕುಳಿತಿರುತ್ತಾರೆ, ಮಕ್ಕಳು ಓಡಾಡುತ್ತಿರುತ್ತಾರೆ. ಪುಟ್ಟನೂ ಯಾರದೋ ಚೆಂಡಿನ ಹಿಂದೆ ಓಡಿದ. ನಮ್ಮಲ್ಲಿ ಆ ಜಾಗದಲ್ಲಿ ಕಾರುಗಳು ನಿಂತಿರುತ್ತವೆ.

ಹಿಂದಿರುಗುವ ದಿನ ಚಾಂಗಿಯಲ್ಲಿ ೨೦೧೯ರಿಂದ ಇರುವ, ನಲವತ್ತು ಮೀಟರು ಎತ್ತರದಿಂದ ಮನೆಯೊಳಗೇ ಧುಮುಕುವ ಕೃತಕ ಜಲಪಾತವನ್ನು ನೋಡಿದೆವು. ಜನ ಸುತ್ತಲೂ ನಿಂತು ಚಿತ್ರ ತೆಗೆಯುತ್ತಿದ್ದರು. ಪುಟ್ಟ ಗಾಬರಿಯಿಂದ ನನ್ನ ಅಂಗಿ ಎಳೆದು, ‘ನಲ್ಲಿ ಬಂದ್! ನಲ್ಲಿ ಬಂದ್!’ ಎಂದ. ೨೦೨೪ರ ಬೇಸಗೆಯಲ್ಲಿ ಬೆಂಗಳೂರು ನೀರಿಲ್ಲದೆ ಬವಣೆಪಟ್ಟ ಮೇಲೆ ಅಮ್ಮ ಒಂದು ತೊಟ್ಟು ನೀರು ಸೋರಿದರೂ ಎದ್ದು ಹೋಗಿ ನಲ್ಲಿ ತಿರುಗಿಸಿ ಬರುತ್ತಾರೆ. ಈ ಸಲ ಅವನ ಮಾತು ನನಗೆ ಯಾರನ್ನೂ ಕೇಳದೆ ತಿಳಿಯಿತು. ‘ಆಮೇಲೆ ಬಂದ್ ಮಾಡ್ತಾರಪ್ಪ’ ಎಂದೆ. ನಂಬಿದ.

ದಾಸರಹಳ್ಳಿಗೆ ಬಂದು ಗೇಟು ತೆರೆಯುತ್ತಲೇ ‘ಅಮ್ಮಾ’ ಎಂದು ಓಡಿದ. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಮಂಡಿನೋವಿನ ಅಮ್ಮ ಮೂರು ಮೆಟ್ಟಿಲನ್ನು ಸರಸರನೆ ಇಳಿದು ಬಂದರು. ರಾತ್ರಿ ಊಟಕ್ಕೆ ಕುಳಿತಾಗ ನಾನು ಮೆಲ್ಲಗೆ ಮಂಡಿಯ ವಿಷಯ ಎತ್ತಿದೆ. ಅನ್ನ ಬಡಿಸುತ್ತ, ‘ನಾನು ಜೊತೆಗಿದ್ದಿದ್ದರೆ ಅವನು ನಿಮ್ಮ ಹತ್ತಿರ ಬರುತ್ತಿದ್ದನೇನೋ?’ ಎಂದರು. ಸೊಸೆ ತಲೆ ತಗ್ಗಿಸಿದಳು. ಅಮ್ಮ ಅವಳ ತಟ್ಟೆಗೆ ಇನ್ನಷ್ಟು ತುಪ್ಪ ಹಾಕಿದರು. ಆ ಐದು ದಿನ ಈ ಮನೆಯಲ್ಲಿ ಒಬ್ಬರೇ ಹೇಗಿದ್ದರೆಂದು ನಾವು ಕೇಳಲೂ ಇಲ್ಲ. ಅವರು ಹೇಳಲೂ ಇಲ್ಲ.

ಎರಡು ದಿನ ಕಳೆದು ಮತ್ತೆ ಕೆಲಸಕ್ಕೆ ಹೊರಟೆವು. ಮೊದಲೆಲ್ಲ ಪುಟ್ಟ ಅಜ್ಜಿಯ ಕಂಕುಳಿನಿಂದಲೇ ನಗುತ್ತ ಕೈ ಬೀಸುತ್ತಿದ್ದ. ಆ ಬೆಳಗ್ಗೆ ನಾವು ಚಪ್ಪಲಿ ಮೆಟ್ಟುವುದನ್ನು ಕಂಡೊಡನೆ ಅತ್ತ. ಗೇಟಿನ ಸರಳು ಹಿಡಿದು ಅತ್ತ. ಬೀದಿಯ ತಿರುವಿನವರೆಗೂ ಆ ಅಳು ಕೇಳುತ್ತಿತ್ತು. ನಮ್ಮ ಪ್ರವಾಸದ ಲಾಭವೇನೆಂದು ಲೆಕ್ಕ ಕೇಳಿದರೆ ಇದೇ: ನಾವು ಹೋದರೆ ಅಳುವಷ್ಟು ಈಗ ಮಗನಿಗೆ ಬೇಕಾಗಿದ್ದೇವೆ. ಅದನ್ನು ಸಂಪಾದಿಸಿದ ಮೇಲೂ ಏಳೂಕಾಲಿನ ಗಾಡಿಯನ್ನು ಹತ್ತಲೇಬೇಕಾಯಿತು. ಆಕೆ ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ ಮಾಡಲು ಅರ್ಜಿ ಹಾಕಿ ಒಪ್ಪಿಸಿಕೊಂಡಳು. ನಾನು ತಿಂಗಳ ಕೊನೆಯ ವಾರವನ್ನು ಬಿಟ್ಟು ಉಳಿದ ದಿನಗಳಲ್ಲಿ ಕುಕ್ಕರ್ ಕೂಗುವ ಹೊತ್ತಿಗೆ ಮನೆಯಲ್ಲಿರುತ್ತೇನೆ. ಇಷ್ಟೇ. ಈ ಸಂಚಿಕೆಯನ್ನು ಓದುವ ತರುಣರು ನಾಳೆ ಕೆಲಸಕ್ಕೆ ಸೇರಿ, ಮನೆ ಮಾಡಿ, ಮಕ್ಕಳೊಂದಿಗರಾದಾಗ, ಈ ಲೆಕ್ಕವನ್ನು ಸಿಂಗಪುರಕ್ಕೆ ಹೋಗುವ ಮೊದಲೇ ಹಾಕಿಕೊಂಡರೆ ಟಿಕೀಟಿನ ಹಣ ಉಳಿದೀತು.

ಪುಟ್ಟ ಇನ್ನೂ ಅಜ್ಜಿಯನ್ನೇ ಅಮ್ಮ ಎನ್ನುತ್ತಾನೆ, ನಾನಿನ್ನೂ ಟಾಟಾ. ಆದರೆ ಮೊನ್ನೆ ರಾತ್ರಿ ಅಮ್ಮ ನಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತರು. ಮಗು ಅವರ ಕಂಕುಳಲ್ಲಿತ್ತು. ‘ಏನೋ ಇದು, ನಿದ್ದೆಗಣ್ಣಿನಲ್ಲಿ ಜಾಳಿ, ಪೀಣ್ಯ, ಜಾಳಿ, ಪೀಣ್ಯ ಅಂತಾನೆ. ನನಗೇನೂ ಅರ್ಥವಾಗಲಿಲ್ಲ. ಈಗಲೇ ತಾತನ ಕಾರ್ಖಾನೆಗೆ ಸೇರಬೇಕಂತಾ?’ ಎಂದರು. ನನ್ನಾಕೆ ಎದ್ದು ಹೋಗಿ ಕೈ ಚಾಚಿದಳು. ಮಗು ಬಂತು. ಅವಳು ದಾಸರಹಳ್ಳಿಯಿಂದ ಆರಂಭಿಸಿದಳು.